ಕಾಕು ಇದ್ದಾರ

ಕಾಕು ಕೂತದ್ದನ್ನು ನಾನು ನೋಡಿದ್ದು ಒಂದೇ ಸಲ. ಮೂರು ವರ್ಷ ಎದುರುಬದುರು ಬಾಗಿಲಿನಲ್ಲಿ ಬದುಕಿದವರು ನಾವು. ಅವರು ನಿಂತೇ ಚಹಾ ಕುಡಿದರು, ನಿಂತೇ ರೊಟ್ಟಿ ಮುರಿದರು, ನಿಂತೇ ಜಗಳವಾಡಿದರು. ಕುರ್ಚಿ ಎಳೆದುಕೊಟ್ಟರೆ ಅದರ ಬೆನ್ನು ಹಿಡಿದು ಹಿಂದೆ ನಿಂತುಬಿಡುವರು, ಇನ್ಯಾರಿಗೋ ಜಾಗ ಹಿಡಿದಿಟ್ಟವರ ಹಾಗೆ. ಹೋದ ತಿಂಗಳು ತೀರಿಕೊಂಡರು. ಅವತ್ತಿನಿಂದ ನನಗೂ ಕೂತಲ್ಲಿ ಕೂರಲಾಗುತ್ತಿಲ್ಲ. ಪ್ರೆಸ್ಸಿನಲ್ಲಿ ಕಂಪ್ಯೂಟರ್ ಮುಂದೆ ಹತ್ತು ನಿಮಿಷ ಕೂತರೆ ಹೆಚ್ಚು, ಎದ್ದು ನೀರು ಕುಡಿದು ಬರುತ್ತೇನೆ, ಮತ್ತೆ ಕೂರುತ್ತೇನೆ, ಮತ್ತೆ ಏಳುತ್ತೇನೆ.

"ಏನ್ರಿ, ಕಾಕು ಮೈಯಾಗ ಹೊಕ್ಕಾರೇನು?" ಎಂದು ನಮ್ಮಾಕಿ ಕೇಳಿದಳು.

"ಹೊಕ್ಕರ ಛಲೋನ ಆತು, ಒಂದೀಟು ಕೆಲಸರ ಆದೀತು" ಎಂದೆ. ಆಕೆ ನಗಲಿಲ್ಲ. ನನಗೂ ನಗು ಬರಲಿಲ್ಲ.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅದು ಅವರದೇ ಅಪ್ಪಣೆ. "ನನ್ನ ಹೆಸರ ಎಲ್ಲೂ ಬರೀಬ್ಯಾಡೋ ತಮ್ಮಾ. ಕಾಗದದಾಗ ಹೆಸರ ಬಿದ್ದಲ್ಲೆಲ್ಲ ನನಗ ಗೋಳ ಹುಟ್ಟೇತಿ" ಎನ್ನುತ್ತಿದ್ದರು. ವಿಜಾಪುರದ ಕಡೆಯವರು. ಹೈದರಾಬಾದಿಗೆ ಬಂದು ಮೂವತ್ತು ವರ್ಷದ ಮೇಲಾಗಿತ್ತು. ಕನ್ನಡದ ಮನೆಗಳೆಲ್ಲ ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಎಂದವು. ತೆಲುಗು ಮನೆಯ ಮಕ್ಕಳಿಗೆ ಅದು ಕಾಕಿ ಎಂದು ಕೇಳಿಸಿತು. ತೆಲುಗಿನಲ್ಲಿ ಕಾಕಿ ಎಂದರೆ ಕಾಗೆ. ಹಾಗಾಗಿ ಬ್ಲಾಕಿನ ತುಂಬ ಅವರು ಕಾಕಮ್ಮ. ನನಗೆ ಸಿಟ್ಟು ಬಂತು, ಮಕ್ಕಳನ್ನು ಗದರಿಸಿದೆ. ಅವರೇ ನನ್ನನ್ನು ತಡೆದರು. "ಕಾಗಿ ಅಂದ್ರ ಅನ್ಲಿ ಬಿಡೋ, ಗೂಬಿ ಅಂದಿಲ್ಲಲ್ಲ!"

ನಾವಿರುವುದು ಪಟಾನ್‌ಚೆರುವಿನಿಂದ ಆಚೆ, ಸರ್ಕಾರ ಕಟ್ಟಿಕೊಟ್ಟ ಒಂಬತ್ತು ಅಂತಸ್ತಿನ ಕಟ್ಟಡದಲ್ಲಿ. ಡಬಲ್ ಬೆಡ್‌ರೂಮ್ ಮನೆ ಎಂದರೆ ಊರಿಗೆಲ್ಲ ಗೊತ್ತು. ಡ್ರಾ ಎತ್ತಿ ಮನೆ ಹಂಚಿದರು. ನಾಲೆಯ ದಂಡೆಯ ಬಸ್ತಿಯವರು, ಬಾಡಿಗೆ ಕೋಣೆಯವರು, ಎಲ್ಲೆಲ್ಲಿಯವರೋ ಬಂದು ಒಂದರ ತಲೆಯ ಮೇಲೊಂದು ಮನೆ ಮಾಡಿದೆವು. ಎರಡು ಲಿಫ್ಟು. ಒಂದು ಹುಟ್ಟಿದಾಗಿನಿಂದ ಕೆಟ್ಟದ್ದು, ಇನ್ನೊಂದು ಮನಸ್ಸು ಬಂದಾಗ ಮಾತ್ರ ನಡೆಯುವಂಥದು. ನನಗೂ ಕಾಕೂಗೂ ಎಂಟನೆಯ ಅಂತಸ್ತು ಬಂತು.

ನಾನು ಮೆಹದಿಪಟ್ಟಣಂನ ಒಂದು ಪ್ರೆಸ್ಸಿನಲ್ಲಿ ಲಗ್ನಪತ್ರಿಕೆಗೆ ಅಕ್ಷರ ಜೋಡಿಸುವವನು. ತೆಲುಗು, ಉರ್ದು, ಹಿಂದಿ, ಕನ್ನಡ, ನಾಲ್ಕರಲ್ಲೂ ಕೈ ಓಡುತ್ತದೆ. ಆ ಒಂದೇ ಕಾರಣಕ್ಕೆ ಬ್ಲಾಕಿನ ಕಮಿಟಿಗೆ ನನ್ನನ್ನು ಸೆಕ್ರೆಟರಿ ಮಾಡಿದರು. ಸೆಕ್ರೆಟರಿಯಾದ ಮೇಲೆ ಸುಮ್ಮನಿರಲಾಗುತ್ತದೆಯೇ? ಮೊದಲ ವಾರದಲ್ಲೇ ನಾಲ್ಕೂ ಭಾಷೆಯಲ್ಲಿ ಒಂದು ಬೋರ್ಡು ಮಾಡಿಸಿ ಲಿಫ್ಟಿನ ಪಕ್ಕ ಹೊಡೆಸಿದೆ. ಕಸ ಎಲ್ಲಿ ಹಾಕಬೇಕು, ಬಟ್ಟೆ ಎಲ್ಲಿ ಒಣಗಿಸಬಾರದು ಇತ್ಯಾದಿ. ಕೊನೆಯ ಸಾಲು ಕೆಂಪು ಅಕ್ಷರದಲ್ಲಿತ್ತು: ಪಟ್ಟಿಯಲ್ಲಿ ಹೆಸರಿಲ್ಲದವರು ಮನೆಯಲ್ಲಿ ತಂಗುವಂತಿಲ್ಲ. ಸರ್ಕಾರದವರು ಹೇಳಿದ್ದ ಮಾತೇ ಅದು. ಆದರೆ ಕೆಂಪು ಬಣ್ಣ ನನ್ನದು.

ಬೋರ್ಡು ಹೊಡೆದ ದಿನ ಕಾಕು ಬಂದು ಅದರ ಮುಂದೆ ನಿಂತರು. ಅವರಿಗೆ ಓದು ಬರುತ್ತಿರಲಿಲ್ಲ. ಕೆಂಪು ಸಾಲನ್ನು ತೋರಿಸಿ ಏನೆಂದು ಕೇಳಿದರು. ಓದಿ ಹೇಳಿದೆ.

"ಬಳಗದಾಕಿ ಒಬ್ಬಾಕಿ ಅದಾಳೋ ತಮ್ಮಾ. ಮೈಯಾಗ ಆರಾಮಿಲ್ಲ. ಕರ್ಕೊಂಡ ಬಂದ್ರ ನಡೀತೈತೇನು?"

"ಪಟ್ಟಿಯಾಗ ಹೆಸರೈತೇನ್ರಿ ಕಾಕು?"

"ಇಲ್ಲ."

"ಹಂಗಾರ ಇಲ್ಲ."

ಎಂಥ ಚೆಂದದ ಉತ್ತರ ಕೊಟ್ಟೆನೆಂದು ಅವತ್ತು ನನಗೆ ಹೆಮ್ಮೆಯಾಗಿತ್ತು. ಅವರು ಮೆಟ್ಟಿಲು ಹತ್ತಿಬಿಟ್ಟರು. ಯಾರು ಆ ಬಳಗದಾಕೆ, ಏನಾಗಿದೆ ಎಂದು ಕೇಳುವಷ್ಟು ಪುರುಸೊತ್ತು ಸೆಕ್ರೆಟರಿ ಸಾಹೇಬರಿಗೆ ಇರಲಿಲ್ಲ.

ಕಾಕು ಗುಳಿಗೆ ಮಾಡುವ ಕಾರ್ಖಾನೆಯೊಂದರಲ್ಲಿ ಹದಿನೆಂಟು ವರ್ಷ ಪ್ಯಾಕಿಂಗ್ ಮಾಡಿದವರು. ದಿನವಿಡೀ ನಿಲ್ಲುವ ಕೆಲಸ. ಮುಂದೆ ಸಾಗಿ ಬರುವ ಗುಳಿಗೆಯ ಪಟ್ಟಿಗಳ ಮೇಲೆ ಹೆಬ್ಬೆರಳು ಆಡಿಸಬೇಕು, ಹತ್ತೂ ಗುಳಿಗೆ ಇವೆಯೋ ಇಲ್ಲವೋ ನೋಡಬೇಕು. ಗುಳಿಗೆ ಕೂತಿರುವ ಗುಂಡಿಗೆ ಅಲ್ಲಿನ ಹೆಂಗಸರು 'ಮನಿ' ಎನ್ನುತ್ತಿದ್ದರಂತೆ. ಒಂದು ಮನಿ ಖಾಲಿ ಇದ್ದರೂ ಆ ಪಟ್ಟಿಯನ್ನು ತೆಗೆದು ಬದಿಗೆ ಒಗೆಯಬೇಕು. ಕೆಲಸ ಬಿಟ್ಟು ಎಷ್ಟು ವರ್ಷವಾದರೂ ಅವರ ಹೆಬ್ಬೆರಳು ನಿಂತಿರಲಿಲ್ಲ. ಮಾತಾಡುತ್ತ ನಮ್ಮ ಕಿಟಕಿಯ ಸರಳು, ನಮ್ಮಾಕಿಯ ಬಳೆ, ಮೆಟ್ಟಿಲಿನ ಕಟಾಂಜನ, ಏನು ಸಿಕ್ಕರೂ ಒಂದೊಂದಾಗಿ ಒತ್ತುತ್ತ ಹೋಗುವರು. ಸಂಜೆ ಕೆಳಗೆ ನಿಂತು ನಮ್ಮ ಕಟ್ಟಡವನ್ನು ತಲೆಯೆತ್ತಿ ನೋಡುವರು. ದೀಪವಿಲ್ಲದ ಕಿಟಕಿ ಕಂಡರೆ, "ನೋಡ್ರಿ ಸಾಹೇಬ್ರ, ಎಷ್ಟ ಮನಿ ಖಾಲಿ. ನಮ್ಮ ಸೂಪರ್‌ವೈಜರ್ ಇದ್ದಿದ್ರ ಇಡೀ ಬಿಲ್ಡಿಂಗ್ ತಗದ ಒಗೀತಿದ್ದ" ಎನ್ನುವರು.

ಅವರ ದಿನ ಸ್ಟೀಲ್ ಬಟ್ಟಲಿನಿಂದ ಶುರುವಾಗುತ್ತಿತ್ತು. ಬೆಳಿಗ್ಗೆ ಶೇಂಗಾ ಹಿಂಡಿ, ಅದೇ ಚಟ್ನಿಪುಡಿ, ಕುಟ್ಟಿ ಒಂದು ಬಟ್ಟಲು ನಮ್ಮ ಮನೆಗೆ. ಕೊಟ್ಟ ಬಟ್ಟಲನ್ನು ಬರಿದಾಗಿ ತಿರುಗಿ ಕೊಡಬಾರದಲ್ಲ, ನಮ್ಮಾಕಿ ಅದರಲ್ಲಿ ಏನಾದರೂ ಹಾಕಿ ಕೊಡುವಳು. ಅದು ಏಳನೆಯ ಅಂತಸ್ತಿಗೆ ಹೋಗುವುದು. ಅಲ್ಲಿಂದ ಗೋಂಗುರ ಪಚ್ಚಡಿ ತುಂಬಿಕೊಂಡು ಆರಕ್ಕೆ. ಆರರಿಂದ ಬದನೆಕಾಯಿಯ ಬಗಾರಾ ಬೈಂಗನ್ ತುಂಬಿಕೊಂಡು ನಾಲ್ಕಕ್ಕೆ. ಅವರು ಮೊದಲಿದ್ದ ಬಸ್ತಿಯಲ್ಲಿ ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂದು ಮೂಗಿಗೇ ತಿಳಿಯುತ್ತಿತ್ತಂತೆ. ಇಲ್ಲಿ ಬಾಗಿಲು ಮುಚ್ಚಿದರೆ ಸತ್ತರೂ ತಿಳಿಯುವುದಿಲ್ಲ, ಅದಕ್ಕೇ ಬಟ್ಟಲು ಎನ್ನುವರು. ಊರ ಉಸಾಬರಿ ಎಂದು ನಾನು ಮೂಗು ಮುರಿಯುತ್ತಿದ್ದೆ. ಕೊಟ್ಟ ಗೋಂಗುರವನ್ನು ಬೆರಳು ನೆಕ್ಕಿ ತಿನ್ನುತ್ತಿದ್ದೆ, ಅದು ಬೇರೆ ಮಾತು. ಇಷ್ಟೆಲ್ಲ ಓಡಾಟದ ನಡುವೆ ಪ್ರತಿ ಮನೆಯ ಅಡುಗೆಯಲ್ಲೂ ಒಂದೊಂದು ಚಮಚ ತೆಗೆದು ಒಂದು ಡಬ್ಬಿ ತುಂಬಿಸುತ್ತಿದ್ದರು. ಆ ಡಬ್ಬಿಯನ್ನು ಸಂಚಿಗೆ ಹಾಕಿ, ಮನೆಗೆ ಬೀಗ ಹಾಕಿ, ಬಸ್ಸು ಹತ್ತುತ್ತಿದ್ದರು. ಬರುತ್ತಿದ್ದದ್ದು ಸಂಜೆಗೆ.

ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಹೊಸತು. "ಬಸ್ಸಿಗೆ ಕಾಸಿಲ್ಲ ಅಂದಿದ್ದೇ ತಡ, ಕಾಕೂಗ ಕಾಲಾಗ ಚಕ್ರ ಬಂದ್ವು" ಎಂದು ಬ್ಲಾಕೆಲ್ಲ ನಗುತ್ತಿತ್ತು. ಕಂಡಕ್ಟರು ಕೊಡುವ ಜೀರೋ ಟಿಕೆಟ್ಟುಗಳನ್ನು ಅವರು ಎಸೆಯುತ್ತಿರಲಿಲ್ಲ. ಬಾಗಿಲ ಹಿಂದಿನ ತಂತಿಗೆ ಚುಚ್ಚಿಡುತ್ತಿದ್ದರು. ಒಮ್ಮೆ ನಾನು, "ಇವೇನ್ರಿ, ಇವನ್ನ ಮಾರತೀರೇನು?" ಎಂದು ಕೆಣಕಿದೆ. "ಯಾರರ ಒಂದಿನ ಕೇಳತಾರ, ಎಲ್ಲಿಗೆ ಹೋಗತಿದ್ದಿ ಅಂತ. ಆವಾಗ ತೋರಸಾಕ ಬೇಕು" ಎಂದರು. ನಾನಂತೂ ಕೇಳಲಿಲ್ಲ.

ಕೇಳುವವರು ಬೇರೆ ಇದ್ದರು. ಮನೆ ತೆಗೆದುಕೊಂಡು ಬೀಗ ಹಾಕಿಟ್ಟವರು, ಒಳಗೊಳಗೇ ಬಾಡಿಗೆಗೆ ಕೊಟ್ಟವರು ಬಹಳ ಆಗಿದ್ದರು. ಅದನ್ನು ಹಿಡಿಯಲು ಸರ್ವೆ ಶುರುವಾಯಿತು. ಬಾಗಿಲಿಗೆ ಬೀಗ ಕಂಡರೆ ಅದನ್ನೇ ತೆಲುಗಿನಲ್ಲಿ 'ತಾಳಂ' ಎಂದು ಬರೆದ ಒಂದು ಚೀಟಿ ಅಂಟಿಸಿ ಹೋಗುವರು. ಮೂರು ಚೀಟಿ ಬಿದ್ದರೆ ಮನೆ ರದ್ದು ಎಂದು ಬ್ಲಾಕಿನಲ್ಲಿ ಸುದ್ದಿ. ಕಾಕು ಬಾಗಿಲಿಗೆ ಎರಡು ಚೀಟಿ ಬಿದ್ದವು. ಅಲ್ಲ, ನಿಜವಾಗಿ ಇಲ್ಲಿ ಬದುಕುತ್ತಿರುವ ಹೆಂಗಸಿನ ಮನೆ ಹೋಗಿ, ಎಲ್ಲೋ ಇದ್ದು ಬಾಡಿಗೆ ತಿನ್ನುವವರ ಮನೆ ಉಳಿದರೆ ಏನು ಗತಿ?

ಸಂಜೆ ಅವರು ಬರುವುದನ್ನೇ ಕಾದು ಹಿಡಿದೆ.

"ಕಾಕು, ಇನ್ನೊಮ್ಮಿ ಬೀಗ ಕಂಡ್ರ ಮನಿ ಹೋತು. ಒಂದ ಹದಿನೈದ ದಿನ ಎಲ್ಲೂ ಹೋಗಬ್ಯಾಡ್ರಿ."

"ಮನ್ಯಾಗ ಕುಂತ ಏನ ಗ್ವಾಡಿ ನೋಡ್ಲೇನು?"

"ಹಂಗಲ್ರಿ. ಮನಿ ಬೇಕೋ ಬ್ಯಾಡೋ?"

"ಬೇಕೋ, ಭಾಳ ಬೇಕು. ನಾಲಾ ದಂಡಿ ಮ್ಯಾಲ ಮಳಿಗಾಲಕ್ಕೊಮ್ಮಿ ಸಾಮಾನ ತಲಿ ಮ್ಯಾಲ ಹೊತಗೊಂಡ ನಿಂತೀನಿ. ನನಗ ಬ್ಯಾಡ ಆಗತೈತೇನು?"

"ಮತ್ತ ಯಾಕ ಹೋಗತೀರಿ ದಿನಾ?"

ಅವರು ನನ್ನನ್ನೇ ನೋಡಿದರು. ನಾನು 'ತಮ್ಮ' ಹೋಗಿ 'ಸಾಹೇಬ'ನಾದೆ. "ಕೆಳಗ ಹೋಗಿ ನಿಮ್ಮ ಬೋರ್ಡ್ ಓದ್ರಿ ಸಾಹೇಬ್ರ. ಆ ಕೆಂಪ ಸಾಲ ಇರೂತನಕ ಈ ಬೀಗ ಇರತೈತಿ" ಎಂದು ಬಾಗಿಲು ಹಾಕಿಕೊಂಡರು. ನನಗೆ ಅರ್ಥವಾಗಲಿಲ್ಲ. ಆಗಬೇಕಿತ್ತು. ಬಳಗದಾಕೆಯ ಮಾತು ನನ್ನ ತಲೆಯಿಂದ ಎಂದೋ ಹಾರಿಹೋಗಿತ್ತು. ಮುದುಕಿಗೆ ಸೊಕ್ಕು ಎಂದು ನಮ್ಮಾಕಿಯ ಮುಂದೆ ಹಾರಾಡಿದೆ.

ಆಮೇಲೆ ನಡೆದದ್ದೇ ಈ ಕತೆಯ ಗಂಟು, ಅದನ್ನು ಹಾಕಿದವನು ನಾನು.

ಒಂದು ಬೆಳಿಗ್ಗೆ ಗಡ್ಡ ಹೆರೆಯುತ್ತಿದ್ದೆ. ಮುಖದ ತುಂಬ ನೊರೆ. ಹೊರಗೆ ಕಾಕು ಮನೆಯ ಬಾಗಿಲನ್ನು ಯಾರೋ ಬಡಿಯುವ ಸದ್ದು. ಇಣುಕಿದರೆ ಸರ್ವೆಯ ಹುಡುಗ, ಅಂದರೆ ಮೂವತ್ತರ ಆಸುಪಾಸಿನ ಆಳು, ಎಂಟು ಅಂತಸ್ತು ಹತ್ತಿ ಏದುಸಿರು ಬಿಡುತ್ತಿದ್ದಾನೆ. ಬಾಗಿಲಿಗೆ ಬೀಗ. ಕೈಯಲ್ಲಿ ಮೂರನೆಯ ಚೀಟಿ. ನನ್ನನ್ನು ಕಂಡು ತೆಲುಗಿನಲ್ಲಿ ಕೇಳಿದ, "ಇಕ್ಕಡ ಎವರನ್ನಾ ಉಂಟುನ್ನರಾ?" ಇಲ್ಲಿ ಯಾರಾದರೂ ಇರುತ್ತಾರಾ ಎಂದು.

ಹೊಸ್ತಿಲ ಆಚೆ ತೆಲುಗು, ಈಚೆ ಕನ್ನಡ. ನಲವತ್ತು ವರ್ಷದಿಂದ ಹಾಗೇ ಬದುಕಿದವನು ನಾನು. ಅವತ್ತು ನನ್ನ ಒಂದು ಕಾಲು ಒಳಗಿತ್ತು, ಒಂದು ಹೊರಗಿತ್ತು. ಗಾಬರಿಯಲ್ಲಿ ಕನ್ನಡದಲ್ಲೇ ಕೂಗಿಬಿಟ್ಟೆ. "ಇದ್ದಾರ! ಇದ್ದಾರ!"

"ಇದ್ದರಾ?" ಎಂದ ಅವನು.

"ಹ್ಞೂಂ, ಇದ್ದಾರ!"

"ಸರೇ" ಎಂದು ಬರೆದುಕೊಂಡ. ಚೀಟಿಯನ್ನು ಜೇಬಿಗೆ ಹಾಕಿಕೊಂಡು ಮೇಲೆ ಹೋದ. "ಕಾಕು ಮನಿ ಉಳಿಸಿದೆ ನೋಡು" ಎಂದು ನಾನು ಒಳಗೆ ಬಂದು ಮೀಸೆಯನ್ನು ಒಂಚೂರು ಹೆಚ್ಚೇ ತಿದ್ದಿಕೊಂಡೆ.

ತೆಲುಗಿನಲ್ಲಿ ಇದ್ದರು ಎಂದರೆ ಇಬ್ಬರು. ಇದು ನನಗೆ ಗೊತ್ತಿಲ್ಲದ್ದಲ್ಲ. ಆದರೆ ಮೂರು ವಾರದ ಮೇಲೆ ಕೆಳಗೆ ಪಟ್ಟಿ ಅಂಟಿಸಿದಾಗಲೇ ಹೊಳೆದದ್ದು. ಕಾಕು ಮನೆಯ ನಂಬರಿನ ಮುಂದೆ, ಇರುವವರು ಎರಡು ಎಂದು ಬರೆದಿತ್ತು. ನಮ್ಮ ಮನೆಯ ಮಾತಿನಂತೆ 'ಅದಾರ' ಎಂದಿದ್ದರೆ ಏನೂ ಆಗುತ್ತಿರಲಿಲ್ಲ. ಪ್ರೆಸ್ಸಿನಲ್ಲಿ ದಿನಾ ಪುಸ್ತಕದ ಕನ್ನಡ ಜೋಡಿಸಿ ಜೋಡಿಸಿ ನಾಲಿಗೆ ಕೆಟ್ಟಿತ್ತು. ಅದಾರ ಹೋಗಿ ಇದ್ದಾರ ಬಂದಿತ್ತು. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುವುದು ಸುಮ್ಮನೆ ಅಲ್ಲ.

ಪಟ್ಟಿಯ ಕೆಳಗೆ ಇನ್ನೊಂದು ಸೂಚನೆ. ಮೊದಲಿನ ಪಟ್ಟಿಗಿಂತ ಹೆಚ್ಚು ಜನರನ್ನು ತೋರಿಸಿದ ಮನೆಯವರು ಎಲ್ಲರ ಆಧಾರ್ ಕಾರ್ಡಿನೊಂದಿಗೆ ವಿಚಾರಣೆಗೆ ಬರಬೇಕು, ಸುಳ್ಳೆಂದು ಕಂಡರೆ ಮನೆ ರದ್ದು. ಉಳಿಸಲು ಹೋಗಿ ನಾನೇ ಕೊಡಲಿ ಎತ್ತಿದ್ದೆ. ಕಾಕು ಬರುವತನಕ ಮೆಟ್ಟಿಲು ಹತ್ತಿ ಇಳಿದೆ, ಹತ್ತಿ ಇಳಿದೆ. ಏಳು ಮತ್ತು ಎಂಟರ ನಡುವೆ ಸಿಕ್ಕರು, ಬಗಲಲ್ಲಿ ಸಂಚಿ. ಅಲ್ಲೇ ನಿಲ್ಲಿಸಿ ನಡೆದದ್ದನ್ನೆಲ್ಲ ಒದರಿದೆ. ನಾಳೆಯೇ ಆಫೀಸಿಗೆ ಹೋಗಿ ನನ್ನ ತಪ್ಪು ಒಪ್ಪಿಕೊಂಡು, ಎರಡು ಇದ್ದದ್ದನ್ನು ಒಂದು ಮಾಡಿಸಿಕೊಂಡು ಬರುತ್ತೇನೆ ಎಂದೆ.

ಆಗ ಕಾಕು ಕೂತರು. ಮೆಟ್ಟಿಲ ಮೇಲೆ, ಸಂಚಿಯನ್ನು ಪಕ್ಕಕ್ಕಿಟ್ಟು, ಕಾಲು ಚಾಚಿ. ಕಟಾಂಜನದ ಮೇಲೆ ಆಡುತ್ತಿದ್ದ ಹೆಬ್ಬೆರಳು ನಿಂತಿತು.

"ಏನ ಅಂದಿ ನೀ ಅವಂಗ? ಇನ್ನೊಮ್ಮಿ ಅನ್ನು."

"ಇದ್ದಾರ ಅಂದೆ."

"ಅಂವ ಇಬ್ರು ಅಂತ ಬರಕೊಂಡ?"

"ಹೌದ್ರಿ."

"ಎತ್ತ ಈದೈತಿ ಅಂದ್ರ ಕೊಟಗ್ಯಾಗ ಕಟ್ಟು ಅಂದಂಗಾತು!" ಎಂದು ನಗಲು ಶುರು ಮಾಡಿದರು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು, ಆ ನೀರು ನಗು ನಿಂತ ಮೇಲೂ ನಿಲ್ಲಲಿಲ್ಲ. ನನ್ನ ಅಂಗಿಯ ತೋಳು ಹಿಡಿದು ಜಗ್ಗಿದರು. "ತಿದ್ದಬ್ಯಾಡೋ. ನನ್ನ ಜನ್ಮದಾಗ ಒಮ್ಮಿ ಸರಕಾರ ಖರೇ ಬರದೈತಿ. ಅದನ್ನ ಹೋಗಿ ಸುಳ್ಳ ಮಾಡಬ್ಯಾಡ."

ಅಲ್ಲೇ ಕೂತು ಹೇಳಿದರು. ಅವರ ಗಂಡ ಟೆಂಪೋ ಓಡಿಸುತ್ತಿದ್ದವನು. ವಾರದಲ್ಲಿ ಮೂರು ದಿನ ಬಾಡಿಗೆಯ ಮೇಲೆ ಹೊರಗಿರುತ್ತೇನೆ ಎನ್ನುತ್ತಿದ್ದನಂತೆ. ಹನ್ನೊಂದು ವರ್ಷ ಹಾಗೆ ನಡೆಯಿತು. ಎಲ್ಲೋ ಗಾಡಿ ಗುದ್ದಿಕೊಂಡು ಆಸ್ಪತ್ರೆ ಸೇರಿ, ಅಲ್ಲೇ ಹೋದ.

"ನಾ ಓಡಿ ಹೋದೆ. ಅಂವನ ಒಂದ ಚಪ್ಪಲಿ ನನ್ನ ಕೈಯಾಗ ಕೊಟ್ರು. ಇನ್ನೊಂದ ಎಲ್ಲೈತಿ ಅಂತ ನೋಡತೀನಿ, ಅಲ್ಲೊಬ್ಬಾಕಿ ಹಿಡ್ಕೊಂಡ ನಿಂತಾಳ. ತೆಲುಗಾಕಿ. ತಿಳೀತು ನನಗ. ಬೈಬೇಕಂತ ಬಾಯಿ ತಗದೆ. ಆಕಿ ನನ್ನ ನೋಡಿ 'ಅಕ್ಕಾ' ಅಂದ್ಲು. ಅಕ್ಕಾ ಅಂದಾಕಿಗೆ ಏನ ಬೈಯೂದೋ ತಮ್ಮಾ?"

ಆಕೆಗೆ ಎರಡು ವರ್ಷದ ಕೆಳಗೆ ಲಕ್ವ ಹೊಡೆದು ಎಡಗೈ ಎಡಗಾಲು ಬಿದ್ದಿದ್ದವು. ಮಕ್ಕಳಿಲ್ಲ, ಕಾಕೂಗೂ ಇರಲಿಲ್ಲ. ಕಾಕು ದಿನವೂ ಹೋಗಿ ಮೈ ತೊಳೆಸಿ, ಉಣಿಸಿ ಬರುತ್ತಿದ್ದರು. ಡಬ್ಬಿ ಹೋಗುತ್ತಿದ್ದದ್ದು ಅಲ್ಲಿಗೆ. ಇಲ್ಲಿ ಕರೆತಂದಿಟ್ಟುಕೊಂಡರೆ ನನ್ನ ಕೆಂಪು ಸಾಲು, ಬಿಟ್ಟು ಹೋದರೆ ಬಾಗಿಲಿಗೆ ತಾಳಂ ಚೀಟಿ. ಇದನ್ನೆಲ್ಲ ಕೇಳಿ ನಾನು ಎಲ್ಲಿದೆ ಆಕೆ ಇರುವ ಕೋಣೆ ಎಂದೆ. ಮೆಹದಿಪಟ್ಟಣಂ ಎಂದರು. ಗುರುತು ಹೇಳಿದರು. ನಮ್ಮ ಪ್ರೆಸ್ಸಿನ ಹಿಂದಿನ ಗಲ್ಲಿ! ನಾನು ಹನ್ನೆರಡು ವರ್ಷದಿಂದ ಚಹಾ ಕುಡಿಯಲು ಹೋಗುವ ಗಲ್ಲಿ.

"ಒಂದಿನ ಹೇಳಬಾರದಾಗಿತ್ತೇನ್ರಿ ನನಗ?"

"ಕೇಳಿದ್ದೆನಲ್ಲೋ. ಹಂಗಾರ ಇಲ್ಲ ಅಂದಿ."

ನಾಚಿಕೆಯಿಂದ ಮುಖ ಎಲ್ಲಿಡಲಿ ತಿಳಿಯಲಿಲ್ಲ. ಮರುದಿನ ರಜೆ ಹಾಕಿ ಆಟೋ ಮಾಡಿಕೊಂಡು ಕಾಕು ಜೊತೆ ಹೋದೆ. ಒಂದು ಟ್ರಂಕು, ಒಂದು ಪ್ಲಾಸ್ಟಿಕ್ ಕುರ್ಚಿ, ಆಕೆ. ಅಷ್ಟೇ ಸಂಸಾರ. ಕಾಕು ಆಕೆಯನ್ನು ತೆಲುಗಿನಲ್ಲಿ ಚೆಲ್ಲಿ ಎನ್ನುತ್ತಿದ್ದರು, ತಂಗಿ ಎಂದು. ನಾವೂ ಚೆಲ್ಲಿ ಎಂದೇ ಕರೆದೆವು. ಲಿಫ್ಟಿಗೆ ಅವತ್ತು ಮನಸ್ಸು ಬಂದಿತ್ತು. ಆಕೆಯನ್ನು ಮೇಲೆ ಬಿಟ್ಟು ಇಳಿದವನೇ ಬೋರ್ಡಿನ ಕೆಂಪು ಸಾಲನ್ನು ಬ್ಲೇಡಿನಿಂದ ಕೆರೆದು ಹಾಕಿದೆ, ನಾಲ್ಕೂ ಭಾಷೆಯಲ್ಲಿ. ಕಾಕು ಹಿಂದೆ ನಿಂತು, "ಉರ್ದುದಾಗ ಒಂದ ಚುಕ್ಕಿ ಉಳದೈತಿ ನೋಡ್ರಿ ಸಾಹೇಬ್ರ" ಎಂದು ಕೆಲಸ ಮಾಡಿಸಿದರು.

ನಾಲ್ಕು ದಿನದ ಮೇಲೆ ವಿಚಾರಣೆ. ಕನ್ನಡಕದ ಅಧಿಕಾರಿಣಿ ಮೇಜಿನ ಆಚೆ. ಚೆಲ್ಲಿಯನ್ನು ಕೂರಿಸಿ ಕಾಕು ಕುರ್ಚಿಯ ಬೆನ್ನು ಹಿಡಿದು ನಿಂತರು. ನಾನು ದುಭಾಷಿ.

"ಈಮೆ ಮೀಕು ಏಮೌತದಿ?" ಈಕೆ ನಿಮಗೇನಾಗಬೇಕು ಎಂದು ಅಧಿಕಾರಿಣಿ ಕೇಳಿದರು.

"ಚೆಲ್ಲೆಲು" ಎಂದರು ಕಾಕು.

ಸ್ವಂತ ತಂಗಿಯೇ? ನೀವು ಕನ್ನಡದವರು, ಆಕೆ ತೆಲುಗಿನವರು, ಅದು ಹೇಗೆ? ಎಂದು ಮತ್ತೆ ಪ್ರಶ್ನೆ. ನಾನು ಏನೋ ಸುಳ್ಳು ಹೊಸೆಯಲು ಬಾಯಿ ತೆರೆದೆ. ಕಾಕು ನನ್ನ ಕಾಲು ತುಳಿದರು. ಎರಡೂ ಆಧಾರ್ ಕಾರ್ಡುಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಗಂಡನ ಹೆಸರಿದ್ದ ಸಾಲಿನ ಮೇಲೆ ಹೆಬ್ಬೆರಳು ಒತ್ತಿದರು. ಮೊದಲು ಅದರ ಮೇಲೆ, ಆಮೇಲೆ ಇದರ ಮೇಲೆ. ಎರಡರಲ್ಲೂ ಒಂದೇ ಹೆಸರು.

ಅಧಿಕಾರಿಣಿ ಒಂದು ಕಾರ್ಡು ನೋಡಿದರು, ಇನ್ನೊಂದು ನೋಡಿದರು. "ಇದ್ದರಿಕೀ ಒಕ್ಕಡೇನಾ?" ಇಬ್ಬರಿಗೂ ಒಬ್ಬನೇನಾ?

"ಒಕ್ಕಡೇ ಉಂಡೆ. ಇಪ್ಪುಡು ಲೇಡು" ಎಂದರು ಕಾಕು. ಒಬ್ಬನೇ ಇದ್ದ, ಈಗಿಲ್ಲ. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಅಂವ ಇದ್ದಾಗ ನಾವು ಇಬ್ರು ಅಂತ ಯಾರೂ ಬರಕೊಳ್ಳಿಲ್ಲ, ಈಗ ನೀವ ಬರದೀರಿ, ಹಂಗ ಇರಲಿ ಅಂತ ಹೇಳೋ" ಎಂದರು. ಹೇಳಿದೆ. ಹೇಳುವಾಗ ನನ್ನ ತೆಲುಗು ತಪ್ಪಲಿಲ್ಲ.

ಅಧಿಕಾರಿಣಿ ಕನ್ನಡಕ ತೆಗೆದು ಒರೆಸಿದರು. ಕೊನೆಗೆ ಚೆಲ್ಲಿಯ ಹೆಸರನ್ನು ಬರೆದುಕೊಂಡು, ಕುಟುಂಬದವರು ಎಂದು ಸೇರಿಸಿ, ಸಹಿ ಮಾಡಿದರು. ಕಾಕು ಸಂಚಿಯಿಂದ ಜೀರೋ ಟಿಕೆಟ್ಟುಗಳ ಕಂತೆ ತೆಗೆದು, ಬೇಕೇನ್ರಿ ಇವು ಎಂದು ತೋರಿಸಿದರು. ಬೇಡ ಎಂದರು.

ಆಮೇಲಿನ ಒಂದೂವರೆ ವರ್ಷ ನಮ್ಮ ಮಹಡಿಯಲ್ಲಿ ಶಾಂತಿ ಇತ್ತೆಂದು ಹೇಳಲಾರೆ. ಉಪ್ಪಿಗೆ ಜಗಳ, ಹುಣಸೆಗೆ ಜಗಳ, ಫ್ಯಾನಿಗೆ ಜಗಳ. ಒಬ್ಬರು ಕನ್ನಡದಲ್ಲಿ ಬೈದರೆ ಇನ್ನೊಬ್ಬರು ತೆಲುಗಿನಲ್ಲಿ. "ಅಂವ ಹೆಂಗ ತಡ್ಕೊಂಡಿದ್ನೋ ನಿನ್ನ ಸಾರು!" ಎಂದು ಕಾಕು ಕೂಗಿದರೆ, "ನೀ ರೊಟ್ಟೆಲಕೇ ಪಾರಿಪೊಚ್ಚಿಂಡು" ಎಂದು ಚೆಲ್ಲಿ. ನಿನ್ನ ರೊಟ್ಟಿಗೆ ಹೆದರಿಯೇ ಓಡಿ ಬಂದ ಎಂದು. ಮರುಕ್ಷಣ ಇಬ್ಬರೂ ಬಿದ್ದು ಬಿದ್ದು ನಗುವರು. ಚೆಲ್ಲಿ ಕಿಟಕಿಯ ಬಳಿ ಕುರ್ಚಿಯಲ್ಲಿ, ಕಾಕು ಅದರ ಬೆನ್ನು ಹಿಡಿದು ಹಿಂದೆ. ಕೂರುವ ಚಾಳಿ ಅವರಿಗೆ ಕಡೆಗೂ ಹತ್ತಲಿಲ್ಲ. ಬೀಗವನ್ನು ಮಾತ್ರ ನಮ್ಮ ಮನೆಗೆ ಕೊಟ್ಟುಬಿಟ್ಟರು, ನಿಮಗಾದರೆ ಬೇಕಾದೀತು ಎಂದು.

ಹೋದ ತಿಂಗಳು ಜ್ವರ ಬಂತು. ನಾಲ್ಕು ದಿನ ಅದರಲ್ಲೇ ಬಟ್ಟಲು ಹಿಡಿದು ಮೆಟ್ಟಿಲು ಹತ್ತಿಳಿದರು. ಐದನೆಯ ದಿನ ಆಸ್ಪತ್ರೆಗೆ ಸೇರಿಸಿದೆವು. ಮಲಗು ಎಂದರೆ ನರ್ಸಿನ ಜೊತೆ ಜಗಳ. ಏಳನೆಯ ದಿನ ಇಲ್ಲ. ಅವರನ್ನು ತಂದ ಗಾಡಿ ಬ್ಲಾಕಿನ ಮುಂದೆ ಬಂದು ನಿಂತಾಗ ಲಿಫ್ಟು ಕೆಟ್ಟಿತ್ತು. ಚೆಲ್ಲಿಯನ್ನು ಅದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ವರು ಎಂಟು ಅಂತಸ್ತು ಇಳಿಸಿದೆವು. ಪ್ರತಿ ಅಂತಸ್ತಿನಲ್ಲೂ ಬಾಗಿಲು ತೆರೆದಿತ್ತು. ಕೆಳಗೆ ಬಂದ ಮೇಲೆ ಆಕೆ ಅಳಲಿಲ್ಲ. ಬಲಗೈಯಿಂದ ಕಾಕು ಹೆಬ್ಬೆರಳು ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ನಾನು ಅತ್ತೆ. ಸೆಕ್ರೆಟರಿ ಎಂಬುದನ್ನು ಮರೆತು ಗೊಳೋ ಎಂದು ಅತ್ತೆ.

ಅದಾದ ಮೇಲೆ ಹೊಸ ಕಳವಳ. ಮನೆ ಯಾರ ಹೆಸರಿಗೆ ಬಂದಿತ್ತೋ ಅವರೇ ಹೋದರೆ ಉಳಿದವರ ಗತಿ ಏನು ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಬಿಡಿಸುತ್ತಾರೆ ಎಂದರು, ಬಿಡಿಸುವುದಿಲ್ಲ ಎಂದರು. ನಾನು ಆಫೀಸಿಗೆ ಎರಡು ಸಲ ಹೋಗಿ ಬಂದೆ. ಬಂದು ನೋಡುತ್ತಾರೆ ಎಂದಷ್ಟೇ ಹೇಳಿದರು.

ಮೊನ್ನೆ ಬಂದ. ಅದೇ ಸರ್ವೆಯವನು, ಅದೇ ಏದುಸಿರು. ಕಾಕು ಬಾಗಿಲು ಮುಚ್ಚಿತ್ತು, ಬೀಗ ಇರಲಿಲ್ಲ. ಬಡಿದ. ಒಳಗಿನಿಂದ ಕೋಲು ಊರುವ ಸದ್ದು, ನಿಧಾನವಾಗಿ. ಕೋಲು ಹಿಡಿದು ನಾಲ್ಕು ಹೆಜ್ಜೆ ಇಡುವಷ್ಟು ಕಾಕು ಆಕೆಯನ್ನು ಎಬ್ಬಿಸಿ ನಿಲ್ಲಿಸಿದ್ದರು. ನಾನು ಹೊರಗೆ ಬಂದು ನಿಂತೆ. ಈ ಸಲ ಮುಖದ ಮೇಲೆ ನೊರೆ ಇರಲಿಲ್ಲ. ಬಾಗಿಲು ತೆರೆಯಿತು. ಚೆಲ್ಲಿ ಬಲಗೈಯಿಂದ ಚೌಕಟ್ಟು ಹಿಡಿದುಕೊಂಡರು. ಆಕೆಯ ಹಿಂದೆ ಕಿಟಕಿಯ ಬಳಿ ಕುರ್ಚಿ ಕಾಣುತ್ತಿತ್ತು.

ಅವನ ಕೈಯಲ್ಲಿ ಸಾವಿನ ಕಾಗದದ ನಕಲು ಇತ್ತು. ಮೆಲ್ಲಗೆ ಕೇಳಿದ, "ಇಪ್ಪುಡು ಒಕ್ಕರೇ ಕದಾ ಅಮ್ಮಾ?" ಈಗ ಒಬ್ಬರೇ ಅಲ್ಲವೇ ಎಂದು.

ಚೆಲ್ಲಿ ಅವನ ಮುಖವನ್ನೇ ನೋಡಿ, "ಇದ್ದರಂ" ಎಂದರು. ನಾವಿಬ್ಬರು.

ಅವನು ಕಾಗದ ನೋಡಿದ. ಆಕೆಯನ್ನು ನೋಡಿದ. ಆಮೇಲೆ ನನ್ನ ಕಡೆ ತಿರುಗಿದ. ಒಬ್ಬರೇ ಎನ್ನಲು ತೆಲುಗಿನಲ್ಲಿ ಏನೆನ್ನಬೇಕು ನನಗೆ ಚೆನ್ನಾಗಿ ಗೊತ್ತು. ನಾಲ್ಕು ಭಾಷೆ ಜೋಡಿಸುವವನು ನಾನು.

"ಇದ್ದಾರ" ಎಂದೆ.

"ಇದ್ದರಾ?"

"ಹ್ಞೂಂ. ಇದ್ದಾರ."

"ಸರೇ" ಎಂದು ಅವನು ಬರೆದುಕೊಂಡ.